ಅರಸ–ಆಳಿನ ನಗೆನಾಟಕ ಕಟ್ಟುವ ಬಗೆ

ಅರಸನೂ ಅವನ ನಂಬಿಗಸ್ತ ಆಳೂ ಇರುವ ನಗೆನಾಟಕ ಕೈಗೆತ್ತಿಕೊಂಡವರು ಮೊದಲು ಒಂದು ಮಾತು ಇತ್ಯರ್ಥ ಮಾಡಿಕೊಳ್ಳಬೇಕು: ಆತ ವಿದೂಷಕನೋ, ಸೇವಕನೋ? ಸಂಸ್ಕೃತ ನಾಟಕದ ವಿದೂಷಕ ರಾಜನ ಗೆಳೆಯ. 'ವಯಸ್ಯ' ಎಂದು ಕರೆದು ಎದುರಿಗೇ ಕಾಲೆಳೆಯಬಲ್ಲ. ಸೇವಕನಿಗೆ ಆ ಸಲಿಗೆ ಇಲ್ಲ. ಅವನು ಅರಸನನ್ನು ಗೇಲಿ ಮಾಡಿದ ಕ್ಷಣವೇ ಭಕ್ತಿ ಸುಳ್ಳಾಗುತ್ತದೆ. ಅಪ್ಪಣೆಯನ್ನು ಅಕ್ಷರ ಬಿಡದೆ ಪಾಲಿಸುತ್ತಾನಲ್ಲ, ನಗೆ ಅಲ್ಲಿಂದ ಹುಟ್ಟಬೇಕು.

ಒಂದು ಸನ್ನಿವೇಶ ಇಟ್ಟುಕೊಂಡೇ ನೋಡೋಣ. 'ಯಾರೂ ಒಳಗೆ ಬರಕೂಡದು' ಎಂದು ಅರಸ ಆಳನ್ನು ಬಾಗಿಲಿಗೆ ನಿಲ್ಲಿಸುತ್ತಾನೆ. ಸ್ವಲ್ಪ ಹೊತ್ತಿಗೆ ಬಾಯಾರಿಕೆ. ನೀರು ಕೇಳುತ್ತಾನೆ. ಆಳು ಓಡಿಹೋಗಿ ನೀರಿನ ಚೊಂಬು ತಂದು ಹೊಸಿಲಾಚೆ ನಿಂತುಬಿಡುತ್ತಾನೆ.

— ಒಳಗೆ ಬಾರೋ!
— ಯಾರೂ ಒಳಕ್ ಬರಬ್ಯಾಡ ಅಂದ್ರಲ್ಲ ಬುದ್ದಿ.
— ನಿನಗಲ್ಲ ಹೇಳಿದ್ದು!
— ನಂಗೇ ಏಳಿದ್ರಿ ಬುದ್ದಿ. ಬಾಗ್ಲಲ್ಲಿ ಇನ್ಯಾರೂ ಇರ್ನಿಲ್ಲ.

ಆಳಿನ ಮಾತು ಮಂಡ್ಯದ ಕಡೆಯದು, ಅರಸನದು ಶಿಷ್ಟ ಕನ್ನಡ. ಇಬ್ಬರ ನಡುವಿನ ಅಂತರವನ್ನು ಈ ಭಾಷೆಯೇ ತೋರಿಸಿಬಿಡುತ್ತದೆ. ಹಳ್ಳಿಯ ಮಾತನ್ನು ಎಳೆದೆಳೆದು ಆಡಿಸಬೇಡಿ. ಹಾಗೆ ಮಾಡಿದರೆ ಮದ್ದೂರಿನ ಜನ ನಗುವುದಿಲ್ಲ, ನೊಂದುಕೊಳ್ಳುತ್ತಾರೆ. ಮನೆಯಲ್ಲಿ ಆಡುವ ವೇಗದಲ್ಲೇ ಆಡಲಿ.

ಇಲ್ಲಿ ಹೆಚ್ಚು ದುಡಿಯಬೇಕಾದವನು ಅರಸನ ಪಾತ್ರಧಾರಿ. ಅವನ ದಾಹ ನಿಜವಾಗಿ ಕಾಣಬೇಕು: ಗಂಟಲು ಒಣಗಿದ ದನಿ, ಚೊಂಬಿನ ಮೇಲೇ ನೆಟ್ಟ ಕಣ್ಣು. ಅರಸನೂ ಹಾಸ್ಯಕ್ಕಿಳಿದರೆ ಆಳಿನ ಮಾತು ಆನಿಸಿಕೊಳ್ಳುವುದಕ್ಕೆ ಗೋಡೆಯೇ ಇಲ್ಲದಂತಾಗುತ್ತದೆ. ಆಳು ಸಭಿಕರ ಕಡೆ ನೋಡಕೂಡದು. ಒಂದು ಸಲ ಕಣ್ಣು ಹೊಡೆದನೆಂದರೆ ಜಾಣನೆಂದು ಗೊತ್ತಾಗಿಬಿಡುತ್ತದೆ.

24 ಅಡಿ ಅಗಲ, 18 ಅಡಿ ಆಳದ ವೇದಿಕೆಯಾದರೆ ಸಿಂಹಾಸನವನ್ನು ನಡುವೆ ಇಡಬೇಡಿ. ಒಂದು ಪಕ್ಕಕ್ಕೆ ಸರಿಸಿ, ಹೊಸಿಲನ್ನು ಅದರಿಂದ 10 ಅಡಿ ದೂರಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಚೊಂಬು ಕಾಣಬೇಕು, ಕೈಗೆ ಸಿಗಬಾರದು. ಊರಿನ ನಾಟಕಗಳಲ್ಲಿ ಎಡವಟ್ಟಾಗುವುದು ಮೈಕಿನಿಂದ. ಮೇಲಿಂದ ಇಳಿಬಿಟ್ಟ ಒಂದೇ ಮೈಕು ಅರಸನ ನೆತ್ತಿಯ ಮೇಲಿದ್ದು, ಬಾಗಿಲಿನ ಮಾತು ಯಾರಿಗೂ ಕೇಳುವುದಿಲ್ಲ. ಹೊಸಿಲ ಬಳಿಗೆ ಇನ್ನೊಂದು ಬೇಕೇ ಬೇಕು. ಚೊಂಬು ಹಿತ್ತಾಳೆಯದೇ ಇರಲಿ, ನೀರು ಅರ್ಧ ಮಾತ್ರ. ತುಂಬಿಸಿದರೆ ಓಡುವಾಗ ಚೆಲ್ಲಿ ಮುಂದಿನ ಪಾತ್ರದವರು ಜಾರುತ್ತಾರೆ.

ಆಳಿಗೆ ಮೊಣಕಾಲಿನವರೆಗೆ ಕಟ್ಟಿದ ಪಂಚೆ, ರುಮಾಲು, ಬರಿಗಾಲು ಸಾಕು. ಮೀಸೆಯನ್ನು ಮಾತ್ರ ಮೂಗಿನ ಕೆಳಗೆ ಎರಡು ತುಂಡು ಮಾಡಿ ವೇಷಕ್ಕೆ ಬಳಸುವ ಅಂಟು ಸ್ಪಿರಿಟ್ ಗಮ್ಮಿನಲ್ಲಿ ಅಂಟಿಸಿ. ಒಂದೇ ತುಂಡಾದರೆ ಬಾಯಿ ಅಗಲಿಸಿದಾಗ ಕಿತ್ತುಬರುತ್ತದೆ. ಕಿರೀಟದ ಒಳಗೆ ಸ್ಪಂಜಿನ ಪಟ್ಟಿ ಹಾಕಿ, ಕೊನೆಯ 5 ದಿನದ ತಾಲೀಮನ್ನು ಅದನ್ನು ಇಟ್ಟುಕೊಂಡೇ ಮಾಡಿಸಿ.

25 ನಿಮಿಷದ ನಾಟಕಕ್ಕೆ 20 ದಿನ, ಸಂಜೆ ಒಂದೂವರೆ ಗಂಟೆಯ ತಾಲೀಮು ಬೇಕು. ಮೊದಲ 5 ದಿನ ಕೂತು ಓದುವುದಷ್ಟೇ. ಹತ್ತನೆಯ ದಿನದ ಹೊತ್ತಿಗೆ ತಂಡದವರಿಗೇ ನಗು ಬರುವುದಿಲ್ಲ. ಹುಡುಗರು ಗಾಬರಿಯಾಗಿ ಹೊಸ ಮಾತು ಸೇರಿಸಲು ಶುರುಮಾಡುವುದು ಆಗಲೇ. ಒಪ್ಪಬೇಡಿ. ನಾಟಕ ನೋಡಿರದ ನಾಲ್ಕು ಜನರನ್ನು ಕರೆತಂದು ಕೂರಿಸಿ. ಎಲ್ಲಿ ನಗುತ್ತಾರೆಂದು ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ.

ನಗು ಎದ್ದಾಗ ಮುಂದಿನ ಮಾತು ಆಡಿದರೆ ಅದು ಮುಳುಗಿಹೋಗುತ್ತದೆ. ಪೂರ್ತಿ ನಿಲ್ಲುವವರೆಗೆ ಕಾದರೆ ಆಟ ತಣ್ಣಗಾಗುತ್ತದೆ. ನಗು ಏರಿ ಇಳಿಯತೊಡಗಿದಾಗ ಹಿಡಿಯಬೇಕು. ಆ ಹೊತ್ತಿನಲ್ಲಿ ಆಳು ಒಮ್ಮೆ ಚೊಂಬು, ಒಮ್ಮೆ ಹೊಸಿಲು ನೋಡುತ್ತಿರಲಿ. ಮೈಸೂರು ರಂಗಾಯಣದ ಭೂಮಿಗೀತದಂಥ ಮುಚ್ಚಿದ ರಂಗಮಂದಿರದಲ್ಲಿ ನಗು ಗೋಡೆಗೆ ಬಡಿದು ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಿನ ಬಯಲು ರಂಗಮಂದಿರವಾದ ವನರಂಗದಲ್ಲೋ ಊರ ಗುಡಿಯ ಮುಂದಿನ ಬಯಲಲ್ಲೋ ಬೇಗ ಚದುರುತ್ತದೆ. ಬಯಲಿಗೆ ಹೋದಾಗ ಕಾಯುವ ಹೊತ್ತು ಕಡಿಮೆ ಮಾಡಿ, ದನಿ ಏರಿಸಿ.

ಕೊನೆಗೆ ಆಳು ಒಳಗೆ ಬರಬಾರದು. ಅರಸನೇ ಏಳಬೇಕು. ಬೊಗಸೆಯೊಡ್ಡಿ ಬಗ್ಗಿದರೆ ಕಿರೀಟ ಉರುಳುತ್ತದೆ, ಆದ್ದರಿಂದ ಅದನ್ನು ಸಿಂಹಾಸನದ ಮೇಲೇ ತೆಗೆದಿಟ್ಟು ಬರಲಿ. ಹೊಸಿಲ ಈಚೆ ನಿಂತು ಬಗ್ಗುತ್ತಾನೆ, ಆಚೆಯಿಂದ ಆಳು ಸುರಿಯುತ್ತಾನೆ. ಇಲ್ಲಿ ಮಾತೂ ಬೇಡ, ಹಾರ್ಮೋನಿಯಮ್ಮೂ ಬೇಡ. ನೀರು ಬೀಳುವ ಸದ್ದು ಹೊಸಿಲ ಮೈಕಿಗೆ ಸಿಗುತ್ತದೆ. ಅದು ನಿಲ್ಲುವಷ್ಟರಲ್ಲಿ ದೀಪ ಆರಿಸಿ.