ನನ್ನ ಚಿಕಿತ್ಸಾಲಯದ ಜಾಲತಾಣಕ್ಕೆ ನಾನೇ ಬರೆದುಕೊಂಡ ಬಗೆ

ಶಿವಮೊಗ್ಗದಲ್ಲಿ ಸ್ವಂತ ಆಯುರ್ವೇದ ಚಿಕಿತ್ಸಾಲಯ ನಡೆಸುತ್ತಿರುವ ನಾನು ಜಾಲತಾಣ ಮಾಡಿಸಲು ಹೊರಟಾಗ, ಅದನ್ನು ರೂಪಿಸಿಕೊಡಲು ಬಂದ ಹುಡುಗ ಮೊದಲು ಕೇಳಿದ್ದು, "ಮೇಡಂ, ಯಾವ್ಯಾವ ಕಾಯಿಲೆ ವಾಸಿ ಮಾಡ್ತೀರಿ, ಒಂದು ಪಟ್ಟಿ ಕೊಡಿ" ಎಂದು. ಆ ಪಟ್ಟಿಯನ್ನು ನಾನು ಕೊಡಲಿಲ್ಲ. ಔಷಧಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹ, ರಕ್ತದೊತ್ತಡ, ಬೊಜ್ಜು, ಪಾರ್ಶ್ವವಾಯು ಮೊದಲಾದವು ಸೇರಿದ್ದು, ಇವುಗಳನ್ನು ಇಂಥ ಔಷಧದಿಂದ ಗುಣಪಡಿಸುತ್ತೇವೆ ಎಂದು ಜಾಹೀರಾತು ನೀಡುವುದು ನಿಷಿದ್ಧ. ನೋಂದಾಯಿತ ವೈದ್ಯರು ತಮ್ಮ ಆವರಣದಲ್ಲೇ ಹಾಕುವ ಫಲಕಕ್ಕೆ ಆ ಕಾಯ್ದೆ ವಿನಾಯಿತಿ ಕೊಟ್ಟಿದೆಯಾದರೂ, ಊರೂರಿಗೆ ಕಾಣುವ ಜಾಲತಾಣವನ್ನು ಗೋಡೆಯ ಫಲಕವೆಂದು ವಾದಿಸುವ ಧೈರ್ಯ ನನಗಿಲ್ಲ.

ಹಾಗಾದರೆ ಬರೆಯುವುದೇನನ್ನು? ನಮ್ಮ ಸ್ವಾಗತದ ಮೇಜಿನ ಫೋನಿಗೆ ಬರುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವಂತೆ ಸಹಾಯಕಿಗೆ ಹೇಳಿದೆ. ಆಯುರ್ವೇದದ ಇತಿಹಾಸವನ್ನು ಯಾರೂ ಕೇಳಿರಲಿಲ್ಲ. ಅಭ್ಯಂಗಕ್ಕೆ ಊಟ ಮಾಡಿ ಬರಬಹುದೇ, ಮುಟ್ಟಿನ ದಿನಗಳಲ್ಲಿ ಬರಬಹುದೇ, ಎಣ್ಣೆ ಹಚ್ಚುವವರು ಹೆಂಗಸರೇ, ಮುಗಿದ ಮೇಲೆ ಅಲ್ಲೇ ಬಿಸಿನೀರಿನ ಸ್ನಾನ ಸಿಗುತ್ತದೆಯೇ, ಬಿ.ಪಿ. ಮಾತ್ರೆ ನಿಲ್ಲಿಸಬೇಕೇ ಎಂದೇ ಕೇಳಿದ್ದರು. ಅಭ್ಯಂಗದ ಪುಟವೆಂದರೆ ಈ ಪ್ರಶ್ನೆಗಳಿಗೆ ನೇರ ಉತ್ತರಗಳು, ಅಷ್ಟೇ: ಹೊಟ್ಟೆ ಹಗುರವಾಗಿರಲಿ, ಸರ ಬಳೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ, ಎಣ್ಣೆ ಹತ್ತಿದರೂ ಚಿಂತೆಯಿಲ್ಲದ ಹಳೆಯ ಬಟ್ಟೆ ತನ್ನಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಶುಲ್ಕವನ್ನೂ ಅಲ್ಲೇ ಹಾಕಿದ್ದೇನೆ. ಅದನ್ನು ಮುಚ್ಚಿಟ್ಟರೆ ಜನ ಫೋನ್ ಮಾಡುತ್ತಾರೆ ಎಂಬ ಮಾರ್ಕೆಟಿಂಗ್ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ.

ಶೀರ್ಷಿಕೆಗಳನ್ನು ಆಯ್ದುಕೊಳ್ಳಲು ಗೂಗಲ್ ಸರ್ಚ್ ಕನ್ಸೋಲ್ ನೆರವಾಯಿತು. ಯಾವ ಪದ ಹುಡುಕಿದವರಿಗೆ ನಮ್ಮ ಪುಟ ಕಾಣಿಸಿತೆಂದು ಅದು ತೋರಿಸುತ್ತದೆ, ಅದಕ್ಕೆ ಹಣವೂ ಬೇಕಿಲ್ಲ. ನಾವು ವೈದ್ಯರು ಜಾನುಬಸ್ತಿ ಎನ್ನುತ್ತೇವೆ. ನೋವಿರುವವರು ಹುಡುಕುವುದು ಮಂಡಿ ನೋವು ಎಂದು, ಅದೂ ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ. ಆದ್ದರಿಂದ ಪುಟದ ತಲೆಯಲ್ಲಿ ಅವರ ಮಾತನ್ನಿಟ್ಟು, ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ವಿಧಾನವನ್ನು ಒಳಗೆ ವಿವರಿಸಿದೆ. ಚಿತ್ರಕ್ಕೆ ನಮ್ಮದೇ ಮರದ ದ್ರೋಣಿ, ಅಂದರೆ ಎಣ್ಣೆ ಚಿಕಿತ್ಸೆಗೆ ಮಲಗಿಸುವ ಮೇಜು, ಸಾಕಾಯಿತು. ಬೆನ್ನ ಮೇಲೆ ಕಲ್ಲು, ಕಿವಿಯಲ್ಲಿ ಹೂವು ಇಟ್ಟುಕೊಂಡ ವಿದೇಶಿ ಮಹಿಳೆಯ ಫೋಟೊ ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಏನು ಹೇಳೀತು?

ಹೆಚ್ಚು ಜನ ಬಂದದ್ದು ಜಾಲತಾಣಕ್ಕಿಂತ ಗೂಗಲ್ ಬಿಸಿನೆಸ್ ಪ್ರೊಫೈಲಿನಿಂದ, ಅಂದರೆ ನಕ್ಷೆಯಲ್ಲಿ ಕಾಣುವ ಉಚಿತ ಪುಟದಿಂದ. ಅಲ್ಲಿ ಸಮಯ, ವಾರದ ರಜೆ, ಹಬ್ಬದ ರಜೆಗಳನ್ನು ತಪ್ಪದೆ ತಿದ್ದುತ್ತೇನೆ. ವಿಮರ್ಶೆಗಳಿಗೆ ಉತ್ತರಿಸುವಾಗ ಮಾತ್ರ ಕೈ ಬಿಗಿಹಿಡಿಯುತ್ತೇನೆ: ಬರೆದವರೇ ತಮ್ಮ ಕಾಯಿಲೆಯನ್ನು ಹೇಳಿಕೊಂಡಿದ್ದರೂ, ಅವರು ನನ್ನಲ್ಲಿ ಚಿಕಿತ್ಸೆ ಪಡೆದಿದ್ದಾರೆಂದು ನಾನು ಬಹಿರಂಗವಾಗಿ ಒಪ್ಪುವುದಿಲ್ಲ, ಧನ್ಯವಾದ ತಿಳಿಸಿ, ದೂರಿದ್ದರೆ ಚಿಕಿತ್ಸಾಲಯದ ಸಂಖ್ಯೆಗೆ ಕರೆ ಮಾಡಲು ಕೋರಿ ಮುಗಿಸುತ್ತೇನೆ.