ಸಕ್ಕರೆ ಅಚ್ಚು: ಪಾಕವನ್ನು ಯಾವಾಗ ಸುರಿಯಬೇಕು?

ಸಂಕ್ರಾಂತಿ ಹತ್ತಿರವಾದಂತೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎಳ್ಳು, ಹುರಿಗಡಲೆ, ಕೊಬ್ಬರಿಗಳ ಜೊತೆಗೆ ಸಿದ್ಧ ಸಕ್ಕರೆ ಅಚ್ಚುಗಳೂ ಮಾರಾಟಕ್ಕೆ ಬರುತ್ತವೆ. ಹಿರಿಯರ ಕಾಲದ ಮರದ ಅಚ್ಚುಗಳನ್ನು ಅಟ್ಟದ ಮೇಲಿಟ್ಟುಕೊಂಡೇ ಇವನ್ನು ಕೊಂಡು ತರುವವರನ್ನು ವಿಚಾರಿಸಿದರೆ, ಹಿಂದೊಮ್ಮೆ ಮಾಡಲು ಹೋದಾಗ ಪಾಕವೆಲ್ಲ ಅಚ್ಚಿಗೆ ಅಂಟಿಕೊಂಡಿತೆಂದೋ, ಸುರಿಯುವಷ್ಟರಲ್ಲಿ ಪಾತ್ರೆಯಲ್ಲೇ ಗಟ್ಟಿಯಾಯಿತೆಂದೋ ಹೇಳುತ್ತಾರೆ. ಎರಡಕ್ಕೂ ಕಾರಣ ಒಂದೇ: ಸುರಿಯುವ ಹದವನ್ನು ಅವರಿಗೆ ಯಾರೂ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟಿರುವುದಿಲ್ಲ. 1933ರಿಂದ ಸಕ್ಕರೆ ಕಾರ್ಖಾನೆಯಿರುವ ಮಂಡ್ಯವನ್ನು ಪಕ್ಕದಲ್ಲಿಟ್ಟುಕೊಂಡು ನಾವು ಈ ಕೆಲಸವನ್ನು ಕೈಬಿಡಬಾರದು.

ಹಿಂದಿನ ರಾತ್ರಿಯೇ ಮರದ ಅಚ್ಚುಗಳನ್ನು ತೊಳೆದು ನೀರಿನಲ್ಲಿ ಮುಳುಗಿಸಿಡಿ. ಒಣಮರ ಪಾಕವನ್ನು ಹೀರಿಕೊಳ್ಳುವುದರಿಂದ ಅಚ್ಚು ಬಿಡಿಸುವಾಗ ಆನೆಯ ಸೊಂಡಿಲು, ಗಿಳಿಯ ಕೊಕ್ಕು ಮುರಿಯುತ್ತವೆ. ಬೆಳಿಗ್ಗೆ ನೀರನ್ನು ಚೆನ್ನಾಗಿ ಕೊಡವಿ, ಒಳಭಾಗವನ್ನು ಬಟ್ಟೆಯಿಂದ ಒತ್ತಿ, ಜೋಡಿಗಳನ್ನು ಕೂಡಿಸಿ ದಾರದಿಂದ ಬಿಗಿಯಾಗಿ ಕಟ್ಟಿ. ಚಾಕೊಲೇಟ್‌ಗೆಂದು ಮಾರುವ ತೆಳು ಪ್ಲಾಸ್ಟಿಕ್ ಅಚ್ಚುಗಳನ್ನು ದಯವಿಟ್ಟು ಬಳಸಬೇಡಿ. ಕುದಿಯುವ ನೀರಿಗಿಂತಲೂ ಬಿಸಿಯಾದ ಪಾಕಕ್ಕೆ ಅವು ಸೊಟ್ಟಗಾಗುತ್ತವೆ.

ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಕುದಿಸಿ, ಮೂರು ನಾಲ್ಕು ಚಮಚ ಹಾಲು ಬೆರೆಸಿ. ಹಾಲಿನ ಪ್ರೋಟೀನು ಗಟ್ಟಿಯಾಗಿ ಕಲ್ಮಶವನ್ನು ಹಿಡಿದುಕೊಂಡು ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಮಾಡಿದ ತೆಳು ಬಿಳಿ ಬಟ್ಟೆಯಲ್ಲಿ ಶೋಧಿಸಿ. ನೊರೆ ಬೆಳ್ಳಗೆ ಬರುವವರೆಗೆ ಇದನ್ನೇ ಮತ್ತೊಮ್ಮೆ ಮಾಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವ ಅಭ್ಯಾಸವಿರುವವರು ಇದಕ್ಕೂ ಹಿಂಡುತ್ತಾರೆ, ಮತ್ತು ಅಲ್ಲಿಗೆ ಆ ದಿನದ ಕೆಲಸ ಕೆಟ್ಟಂತೆಯೇ. ಹುಳಿಯು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಹರಳುಗಟ್ಟದಂತೆ ತಡೆಯುತ್ತದೆ. ಜಾಮೂನಿಗೆ ಬೇಕಾದದ್ದು ಅದೇ. ಅಚ್ಚಿಗೆ ಬೇಕಾದದ್ದು ಅದರ ತದ್ವಿರುದ್ಧ. ಹಾಲು ಸ್ವಲ್ಪ ಹುಳಿಯಾಗಿದ್ದರೂ ಬೇಡ.

ಇನ್ನು ಮುಖ್ಯವಾದ ಹಂತ. ಶೋಧಿಸಿದ ಪಾಕವನ್ನೆಲ್ಲ ಒಮ್ಮೆಗೇ ಕಾಯಿಸಬೇಡಿ. ನಿಮ್ಮಲ್ಲಿರುವ ಅಚ್ಚುಗಳಿಗೆ ಸಾಲುವಷ್ಟನ್ನು, ಅಂದರೆ ಎರಡು ಮೂರು ಸೌಟನ್ನು ಮಾತ್ರ, ಹಿಡಿಯಿರುವ ದಪ್ಪ ತಳದ ಚಿಕ್ಕ ಪಾತ್ರೆಗೆ ತೆಗೆದುಕೊಂಡು ದೊಡ್ಡ ಉರಿಯಲ್ಲಿಡಿ. ಮೊದಲು ಕೈಯಾಡಿಸಬಾರದು, ಪಾತ್ರೆಯ ಅಂಚಿಗೆ ಹರಳು ಹತ್ತಿದರೆ ಒದ್ದೆ ಬಟ್ಟೆ ಸುತ್ತಿದ ಚಮಚದಿಂದ ಒರೆಸಿ. ಗುಳ್ಳೆಗಳು ದಪ್ಪವಾಗಿ, ಸಾವಕಾಶವಾಗಿ ಒಡೆಯತೊಡಗಿದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಅದು ಕರಗಿ ಹರಡದೆ, ಬೆರಳಲ್ಲಿ ಮೆತ್ತನೆಯ ಉಂಡೆಯಾಗಿ ಸೇರಿಕೊಂಡರೆ ಉರಿಯಿಂದ ಇಳಿಸಿ. ಥರ್ಮಾಮೀಟರ್ ನೆಚ್ಚಿಕೊಳ್ಳುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗಿಂತ ಸುಮಾರು ಎರಡು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ, ಹಾಗಾಗಿ ಪುಸ್ತಕಗಳು ಈ ಹದಕ್ಕೆ ಹೇಳುವ 112ರಿಂದ 116 ಡಿಗ್ರಿಯಲ್ಲೂ ಅಷ್ಟನ್ನು ಕಳೆಯಬೇಕಾಗುತ್ತದೆ. ತಣ್ಣೀರಿನ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಸಿದ ಪಾಕ ಇನ್ನೂ ಗಾಜಿನಂತೆ ತಿಳಿಯಾಗಿರುತ್ತದೆ, ಮತ್ತು ಹೆಚ್ಚಿನವರು ಅಚ್ಚಿಗೆ ಸುರಿದುಬಿಡುವುದು ಈ ತಿಳಿ ಪಾಕವನ್ನೇ. ಹಾಗೆ ಸುರಿದದ್ದು ಸರಿಯಾಗಿ ಹರಳುಗಟ್ಟದೆ ಅಚ್ಚಿಗೆ ಅಂಟಿ ಕೂರುತ್ತದೆ. ಮರದ ಸೌಟಿನ ಬೆನ್ನಿನಿಂದ ಪಾಕವನ್ನು ಪಾತ್ರೆಯ ಗೋಡೆಗೆ ಒತ್ತಿ ಉಜ್ಜುತ್ತಾ ಬನ್ನಿ. ಉಜ್ಜಿದ ಕಡೆ ಮೊದಲು ಬಿಳಿಯ ಗೆರೆ ಮೂಡುತ್ತದೆ, ಆಮೇಲೆ ಆ ಬಿಳುಪು ಮೋಡ ಕವಿದ ಹಾಗೆ ಪಾಕವನ್ನೆಲ್ಲ ಆವರಿಸತೊಡಗುತ್ತದೆ. ಪಾಕ ಹಾಲಿನ ಬಣ್ಣಕ್ಕೆ ತಿರುಗಿಯೂ ಇನ್ನೂ ಧಾರೆಯಾಗಿ ಬೀಳುವಂತಿರುವಾಗಲೇ ತಡಮಾಡದೆ ಸುರಿಯಿರಿ. ಈ ಹದ ಅರ್ಧ ನಿಮಿಷವೂ ಉಳಿಯದಿರಬಹುದಾದ್ದರಿಂದ ಅಚ್ಚುಗಳು ಕಟ್ಟಿ ಸಿದ್ಧವಾಗಿರಬೇಕು, ಒಬ್ಬರು ಅವನ್ನು ಹಿಡಿದುಕೊಳ್ಳಬೇಕು, ಮಕ್ಕಳು ದೂರವಿರಬೇಕು. ಪಾತ್ರೆಯಲ್ಲೇ ಗಟ್ಟಿಯಾದರೆ ಎಸೆಯದೆ, ಸ್ವಲ್ಪ ನೀರು ಹಾಕಿ ಪೂರ್ತಿ ಕರಗಿಸಿ ಮತ್ತೆ ಹದಕ್ಕೆ ತನ್ನಿ.

ಐಸಿಂಗ್ ಸಕ್ಕರೆಗೆ ನೀರು ಚಿಮುಕಿಸಿ ಅಚ್ಚಿಗೆ ಒತ್ತುವ ಅಡ್ಡದಾರಿಯೊಂದು ಈಗ ಹಬ್ಬುತ್ತಿದೆ. ಅದಕ್ಕೆ ಪಿಷ್ಟ ಬೆರೆಸಿರುವುದು ಸಾಮಾನ್ಯವಾದ್ದರಿಂದ ತಿಂದರೆ ಹಿಟ್ಟು ಹಿಟ್ಟಾಗಿರುತ್ತದೆ, ತಟ್ಟೆಯಲ್ಲಿಟ್ಟು ನಾಲ್ಕು ಮನೆಗೆ ಎಳ್ಳು ಬೀರಿ ಬರುವಷ್ಟರಲ್ಲಿ ಪುಡಿಯಾಗುತ್ತದೆ. ಬಣ್ಣವನ್ನೂ ಹಾಕಬೇಡಿ. ಹಾಕಲೇಬೇಕೆಂದಿದ್ದರೆ ಹಾಲಿನಲ್ಲಿ ನೆನೆಸಿದ ಕೇಸರಿ ಸಾಕು.

ಹತ್ತು ನಿಮಿಷ ಆರಿದ ಮೇಲೆ ದಾರ ಬಿಚ್ಚಿ, ಅಚ್ಚಿನ ಬೆನ್ನನ್ನು ಮೆಲ್ಲಗೆ ತಟ್ಟಿ ಬಿಡಿಸಿ. ನೆರಳಿನಲ್ಲಿ ಬಟ್ಟೆಯ ಮೇಲೆ ಒಂದು ದಿನ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಕಾಗದ ಹಾಸಿ ಜೋಡಿಸಿಡಿ. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ತೇವ ಹಿಡಿದು ಗೆರೆಗಳು ಮಸುಕಾಗುತ್ತವೆ. ಹಬ್ಬಕ್ಕೆ ಎರಡು ವಾರ ಮೊದಲೇ ಮಾಡಿಟ್ಟುಕೊಂಡರೂ ಇವು ಕೆಡುವುದಿಲ್ಲ. ಮುರಿದವನ್ನು ಮುಂದಿನ ಸಲದ ಪಾಕಕ್ಕೆ ಸೇರಿಸಿಕೊಳ್ಳಬಹುದು.