ಹಲೆಯಾಕಲಾ: ಮೊದಲು ಹಕ್ಕಿ, ಆಮೇಲೆ ಕುಳಿ

ಹವಾಯಿಯ ಮೌಯಿ ದ್ವೀಪದಲ್ಲಿ ಕಹುಲುಯಿ ವಿಮಾನ ನಿಲ್ದಾಣದಿಂದ ಹಲೆಯಾಕಲಾ ಜ್ವಾಲಾಮುಖಿಯ ಶಿಖರಕ್ಕೆ ಸುಮಾರು 60 ಕಿಲೋಮೀಟರ್. ಅಷ್ಟರಲ್ಲೇ ಕಾರು ಸಮುದ್ರಮಟ್ಟದಿಂದ 3,055 ಮೀಟರ್ ಏರಿರುತ್ತದೆ. ಇಲ್ಲಿ ಎಡವಟ್ಟಾಗುವುದೆಲ್ಲ ಬಹುಪಾಲು ಈ ಎತ್ತರದಿಂದಲೇ. ಹಕ್ಕಿಗಳು ಇನ್ನೂ ಉಳಿದಿರುವುದೂ ಈ ಎತ್ತರದಿಂದಲೇ. ಅದಕ್ಕೇ ನಾನು ಶಿಖರದಿಂದ ಶುರು ಮಾಡುವುದಿಲ್ಲ.

ಇದು ರಾಷ್ಟ್ರೀಯ ಉದ್ಯಾನ. ಕಾರಿನ ಪ್ರವೇಶ ಶುಲ್ಕ 30 ಡಾಲರ್. ಮೂರು ದಿನ ನಡೆಯುತ್ತದೆ. ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಬೆಳಗಿನ ಜಾವ 3ರಿಂದ 7ರವರೆಗೆ ಸೂರ್ಯೋದಯಕ್ಕೆ ಹೋಗುವವರು ಮುಂಗಡ ಕಾಯ್ದಿರಿಸಬೇಕು. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಸಿಗದಿದ್ದರೆ ಬೇಸರ ಬೇಡ. 7 ಗಂಟೆ ಕಳೆದ ಮೇಲೆ ಬುಕಿಂಗ್ ಇಲ್ಲದೆ ಹೋಗಬಹುದು, ಹಕ್ಕಿ ನೋಡಲು ಅದೇ ಒಳ್ಳೆಯ ಹೊತ್ತು. ಪಾರ್ಕಿನೊಳಗೆ ಪೆಟ್ರೋಲೂ ಇಲ್ಲ, ಊಟವೂ ಇಲ್ಲ. ಎರಡನ್ನೂ ದಾರಿಯಲ್ಲಿ ಸಿಗುವ ಪುಕಲಾನಿ ಊರಿನಲ್ಲೇ ಮುಗಿಸಿಕೊಳ್ಳಿ.

ಮೊದಲ ದಿನ ಪೂರ್ತಿ ಪಾರ್ಕಿನೊಳಗಿನ ಹಾಸ್ಮರ್ ಗ್ರೋವ್ ಎಂಬ ತೋಪಿಗೆ. ಇದು ಸುಮಾರು 2,070 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಸುತ್ತುದಾರಿ 800 ಮೀಟರ್ ಮಾತ್ರ. ಆರಂಭದಲ್ಲಿ ಸಿಗುವ ನೀಲಗಿರಿ, ಪೈನ್ ಮರಗಳೆಲ್ಲ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮರಮುಟ್ಟಿಗಾಗಿ ನೆಟ್ಟವು. ಅಲ್ಲಿ ನಿಂತು ಕಾಯುವುದು ವ್ಯರ್ಥ. ಕಣಿವೆಯತ್ತ ತೆರೆದುಕೊಳ್ಳುವ ವೀಕ್ಷಣಾ ಜಾಗಕ್ಕೆ ನೇರ ಹೋಗಿ, ಕೆಂಪು ಹೂವಿನ ಓಹಿಯಾ ಅಥವಾ ಹಳದಿ ಹೂವಿನ ಮಾಮನೆ ಮರವೊಂದನ್ನು ಗುರುತು ಮಾಡಿಕೊಂಡು ಅರ್ಧ ಗಂಟೆ ಕದಲದೆ ನಿಲ್ಲಿ. ಮೊದಲು ಬರುವುದು ಸಾಮಾನ್ಯವಾಗಿ ಅಪಪಾನೆ: ಕಡುಗೆಂಪು ಮೈ, ಕಪ್ಪು ಕೊಕ್ಕು, ಬಾಲದಡಿ ಬಿಳಿ. ಹಾರುವಾಗ ರೆಕ್ಕೆಯ ಬರ್‌ ಬರ್‌ ಸದ್ದು ಕೇಳಿಸುತ್ತದೆ. ಇಈವಿ ಇನ್ನೂ ಉಜ್ವಲ ಕೆಂಪು, ರೆಕ್ಕೆ ಕಪ್ಪು, ಕೊಕ್ಕು ಕುಡುಗೋಲಿನಂತೆ ಬಾಗಿದ್ದು ನಸುಗೆಂಪು. ಕೂಗು ಎಣ್ಣೆ ಕಾಣದ ಕದದ ಕೀಲಿನಂತೆ. ಕೆಂಪು ಕಂಡ ಕೂಡಲೇ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಬಣ್ಣ ಬಿಟ್ಟು ಕೊಕ್ಕು ನೋಡಿ.

ಇವು ಕೆಳಗಿನ ಕಾಡಿನಲ್ಲಿ ಏಕಿಲ್ಲ? 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳಲ್ಲಿ ಇಲ್ಲಿಗೆ ಬಂದ ಸೊಳ್ಳೆಯೇ ಕಾರಣ. ಅದು ಹರಡುವ ಹಕ್ಕಿ ಮಲೇರಿಯಾಕ್ಕೆ ಇಈವಿಯ ಮೈಯಲ್ಲಿ ತಡೆ ಇಲ್ಲ. ಸೋಂಕಿನ ಒಂದೇ ಕಡಿತ ಸಾಕು, ಹೆಚ್ಚಿನವು ಸಾಯುತ್ತವೆ. ತಾಪಮಾನ ಸುಮಾರು 13 ಡಿಗ್ರಿಗಿಂತ ಇಳಿದರೆ ರೋಗಾಣು ಸೊಳ್ಳೆಯೊಳಗೆ ಬೆಳೆಯಲಾರದು. ಹಾಗಾಗಿ ತಂಪಿನ ಮೇಲ್ಭಾಗವೇ ಇವಕ್ಕೆ ಉಳಿದ ಆಸರೆ. ಭೂಮಿ ಬಿಸಿಯಾದಂತೆ ಸೊಳ್ಳೆಯೂ ಮೇಲೇರುತ್ತಿದೆ. ನನ್ನನ್ನು ತೀವ್ರವಾಗಿ ಕಾಡುವ ವಿಷಯ ಇದು. ಕಾಡಿಗೆ ಕಾಲಿಡುವ ಮುನ್ನ ಶೂ ತಳದ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆದು, 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ. ಓಹಿಯಾ ಮರಗಳನ್ನು ಕೊಲ್ಲುವ ಶಿಲೀಂಧ್ರ ಮಣ್ಣಿನ ಜೊತೆಗೂ ಸಾಗುತ್ತದೆ. ಓಹಿಯಾ ಹೋದರೆ ಈ ಹಕ್ಕಿಗಳ ಮಕರಂದದ ಮುಖ್ಯ ಮೂಲವೇ ಹೋದಂತೆ.

ರಸ್ತೆಬದಿಯ ಹುಲ್ಲಿನಲ್ಲಿ ನೇನೆ ಬಾತು ಕಾಣಬಹುದು. ನಸು ಹಳದಿ ಕತ್ತಿನ ಮೇಲೆ ನೇಗಿಲ ಸಾಲಿನಂಥ ಗೆರೆ, ಬೆರಳುಗಳ ನಡುವೆ ಕಡಿಮೆ ಜಾಲ. 1950ರ ಹೊತ್ತಿಗೆ ಉಳಿದಿದ್ದದ್ದು ಕೇವಲ 30ರಷ್ಟು. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1883ರಲ್ಲಿ ಹವಾಯಿಗೆ ತಂದ ನಮ್ಮ ಭಾರತದ ಮುಂಗುಸಿ ಇವುಗಳ ಮೊಟ್ಟೆಗೇ ಬಾಯಿ ಹಾಕಿತು. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ನೇನೆಗಳಿಗೆ ಆಹಾರ ಹಾಕಬೇಡಿ, ಹಾಕಿದರೆ ಅವು ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತವೆ.

ಎರಡನೇ ದಿನ ಕುಳಿ. ಸ್ಕೂಬಾ (ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಕಡಲಾಳದ ಈಜು) ಮಾಡಿದ್ದರೆ 24 ಗಂಟೆ ಕಳೆಯದೆ ಮೇಲೇರಬೇಡಿ. ಕಾರನ್ನು 2,436 ಮೀಟರ್ ಎತ್ತರದ ಹಲೆಮಾವು ಹಾದಿಯ ಬಾಯಲ್ಲಿ ನಿಲ್ಲಿಸಿ, ಅಲ್ಲೇ ಇರುವ ಪಿಕ್‌ಅಪ್ ಜಾಗದಲ್ಲಿ ಶಿಖರಕ್ಕೆ ಹೋಗುವವರ ಕಾರು ಹಿಡಿಯಿರಿ. ಅಲ್ಲಿಂದ ಸ್ಲೈಡಿಂಗ್ ಸ್ಯಾಂಡ್ಸ್ ದಾರಿಯಲ್ಲಿ ಕುಳಿಗೆ ಇಳಿದು ಹಲೆಮಾವುನಲ್ಲಿ ಹತ್ತಿದರೆ 17.8 ಕಿಲೋಮೀಟರ್. ಕೊನೆಯಲ್ಲಿ 300 ಮೀಟರ್‌ಗೂ ಮಿಕ್ಕಿ ಅಂಕುಡೊಂಕಿನ ಏರು, ಅದಕ್ಕೆ ಕಾಲಲ್ಲಿ ಶಕ್ತಿ ಉಳಿಸಿಕೊಳ್ಳಿ. ಅರ್ಧಕ್ಕೆ ಹಿಂದಿರುಗುವವರಿಗೆ ಲೆಕ್ಕ ಬೇರೆ: ಒಂದು ಗಂಟೆ ಇಳಿದರೆ ಹತ್ತಲು ಎರಡು ಗಂಟೆ, ಏಕೆಂದರೆ ಹುಡಿಹುಡಿ ಲಾವಾದಲ್ಲಿ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ತಲೆಗೆ 3 ಲೀಟರ್ ನೀರು ಬೇಕು. ಕುಳಿಯೊಳಗಿನ ತಂಗುವ ಕ್ಯಾಬಿನ್‌ಗಳ ಬಳಿಯ ನೀರನ್ನು ಶುದ್ಧೀಕರಿಸದೆ ಕುಡಿಯುವಂತಿಲ್ಲ. ಒಂಬತ್ತಕ್ಕೆ ಮೊದಲೇ ಹೊರಡಿ. ಮಧ್ಯಾಹ್ನ ಮೋಡ ಒಳನುಗ್ಗಿದರೆ ದಾರಿಯ ಗುರುತೇ ಸಿಗದು. ಚಳಿ, ಮಳೆ, ಸುಡುಬಿಸಿಲು ಮೂರಕ್ಕೂ ಬಟ್ಟೆ ಚೀಲದಲ್ಲಿರಲಿ.

ದಾರಿಯಂಚಿನಲ್ಲಿ ಬೆಳ್ಳಿ ಬಣ್ಣದ ಚೆಂಡಿನಂಥ ಗಿಡಗಳು ಸಿಲ್ವರ್‌ಸ್ವೋರ್ಡ್, ಹವಾಯಿಯನ್ನರ ಅಹಿನಹಿನಾ. ಎಲೆ ತುಂಬ ನವಿರು ಬೆಳ್ಳಿಗೂದಲು, ಬಿಸಿಲನ್ನು ಹಿಂದಕ್ಕೆ ಕಳಿಸಲು. 20ರಿಂದ 90 ವರ್ಷ ಹೀಗೇ ಕೂತಿದ್ದು, ಒಂದೇ ಒಂದು ಸಲ ಆಳೆತ್ತರದ ಹೂಗೊಂಚಲು ಎಬ್ಬಿಸಿ, ಬೀಜ ಚೆಲ್ಲಿ ಸಾಯುತ್ತದೆ. ಬೇರು ನೆಲದ ಮೇಲ್ಪದರದಲ್ಲೇ ಹರಡಿರುತ್ತದೆ. ಫೋಟೊಗೆಂದು ಹತ್ತಿರ ಹೋಗಿ ಇಟ್ಟ ಹೆಜ್ಜೆ ಗಿಡವನ್ನು ಮುಟ್ಟದೆಯೇ ಬೇರನ್ನು ಜಜ್ಜುತ್ತದೆ. ಜೂಮ್ ಲೆನ್ಸ್ ಇಟ್ಟುಕೊಂಡು ಹಾದಿಯಲ್ಲೇ ನಿಂತು ತೆಗೆಯಿರಿ.

ವಾಪಸಾಗುವಾಗ ಬ್ರೇಕ್ ಮೇಲೇ ಕಾಲಿಟ್ಟು ಬರಬೇಡಿ, ಅಷ್ಟು ಉದ್ದದ ಇಳಿಜಾರಿನಲ್ಲಿ ಅದು ಕಾದು ಹಿಡಿತ ತಪ್ಪುತ್ತದೆ. ಆಟೊಮ್ಯಾಟಿಕ್ ಕಾರಾದರೆ ಕೆಳಗಿನ ಗೇರಿಗೆ ಹಾಕಿ ಇಳಿಸಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ಬದಿಗೆ ನಿಲ್ಲಿಸಿ, ಆರುವವರೆಗೆ ಕಾಯಿರಿ.